ನಿಜವಾದ ಕಥೆ ಇನ್ನೂ ತಮಾಷೆ

'ದಿ ಸಾಸ್ಕ್ವಾಚ್ ಗ್ಯಾಂಗ್' (2006) ಸಿನಿಮಾದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. (ಸಾಸ್ಕ್ವಾಚ್ ಅಂದರೆ ಬಿಗ್‌ಫುಟ್, ಅಮೆರಿಕದ ಕಾಡಲ್ಲಿದೆ ಅಂತ ಕೆಲವರು ನಂಬುವ ಮೈತುಂಬ ಕೂದಲಿನ ದೈತ್ಯ ಪ್ರಾಣಿ.) ಆದರೆ 'ದೊಡ್ಡ ಹೆಜ್ಜೆ ಗುರುತು ಕಂಡು ದೊಡ್ಡವರೂ ಮರುಳಾಗುವುದು ನಂಬುವ ಹಾಗಿಲ್ಲ' ಅಂದಿರಲ್ಲ, ಅದನ್ನು ಒಪ್ಪೋದು ಕಷ್ಟ. 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ಆಗಿದ್ದೂ ಇದೇ ಅಲ್ವಾ? ಕಾಡಲ್ಲಿ ರಸ್ತೆ ಮಾಡುತ್ತಿದ್ದ ಬುಲ್ಡೋಜರ್ ಚಾಲಕ ಜೆರ್ರಿ ಕ್ರೂಗೆ 16 ಇಂಚಿನ ಹೆಜ್ಜೆ ಕಂಡಿತು. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಪೇಪರಿನವರಿಗೆ ತೋರಿಸಿದ. 'ಬಿಗ್‌ಫುಟ್' ಅನ್ನೋ ಹೆಸರು ಮನೆಮಾತಾಗಿದ್ದೇ ಆಮೇಲೆ. ಆ ಕೆಲಸದ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಮರದಲ್ಲಿ ಕೆತ್ತಿದ ಒಂದು ಜೊತೆ ಪಾದ ಹೊರಗೆ ತಂದರು, ಎಲ್ಲಾ ಅವನದೇ ಕಿತಾಪತಿ ಅಂದರು. ಆದರೂ ನಂಬುವವರು ನಂಬುತ್ತಲೇ ಇದ್ದಾರೆ ಬಿಡಿ!

ಸಿನಿಮಾದಲ್ಲಿ ನನಗೆ ಜಾಸ್ತಿ ನಗು ಬಂದಿದ್ದು ಕಾರ್ಲ್ ವೆದರ್ಸ್ ನೋಡಿ. 'ರಾಕಿ' ಸಿನಿಮಾದಲ್ಲಿ ಬಾಕ್ಸರ್ ಆಗಿದ್ದವನು ಇಲ್ಲಿ ಬಿಗ್‌ಫುಟ್ ತಜ್ಞ, ಅದೂ ಮುಖ ಗಂಟುಹಾಕಿಕೊಂಡೇ. ಹಿಂದೆ ಕೂದಲು ಬಿಟ್ಟುಕೊಂಡ ಜಸ್ಟಿನ್ ಲಾಂಗ್ ಕೂಡ ಮಜಾ ಕೊಡುತ್ತಾನೆ. ಒಂದೇ ಘಟನೆಯನ್ನು ಒಬ್ಬೊಬ್ಬರ ಕಡೆಯಿಂದ ತಿರುಗಿಸಿ ತಿರುಗಿಸಿ ತೋರಿಸುವುದು ಮಾತ್ರ ಮಧ್ಯದಲ್ಲಿ ಸ್ವಲ್ಪ ಬೋರು.