ಸತ್ಯಾಂಶ: ಚೀನಾದ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಜಗತ್ತಿಗೇ ಫಸ್ಟಾ?

‘ಚೀನಾದ 15 ವರ್ಷದ ಮಕ್ಕಳು ಇಂಗ್ಲಿಷ್ ಓದುವುದರಲ್ಲಿ ಜಗತ್ತಿಗೇ ಮೊದಲು, ನಮ್ಮ ಮಕ್ಕಳು ಏನು ಮಾಡ್ತಿದ್ದಾರೆ?’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಸುಮ್ನೆ ಮಕ್ಕಳನ್ನು ಬೈಯುವ ಮುಂಚೆ ಇದನ್ನು ಓದಿ.

15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯೇ ಪಿಸಾ. 2018ರಲ್ಲಿ ಅದರ ಓದಿನ ವಿಭಾಗದಲ್ಲಿ ಚೀನಾ 555 ಅಂಕ ಪಡೆದು ಮೊದಲು ಬಂದಿದ್ದು ನಿಜ. ಆದರೆ ಆ ಮಕ್ಕಳು ಓದಿದ್ದು ಚೀನೀ ಭಾಷೆಯಲ್ಲಿ! ಪಿಸಾ ಸಾಮಾನ್ಯವಾಗಿ ಪಾಠ ನಡೆಯುವ ಭಾಷೆಯಲ್ಲೇ ಇರುತ್ತದೆ. ಅದರಲ್ಲೂ ಭಾಗವಹಿಸಿದ್ದು ಬೀಜಿಂಗ್, ಶಾಂಘೈ, ಜಿಯಾಂಗ್ಸು, ಝೆಜಿಯಾಂಗ್ ಎಂಬ ನಾಲ್ಕು ಪ್ರದೇಶಗಳ ಮಕ್ಕಳು ಮಾತ್ರ.

ಅವರ ಇಂಗ್ಲಿಷ್ ಓದನ್ನು ಅಳೆಯುವುದು ಬೇರೆಯೇ ಕೆಲಸ. ಚೀನೀ ಲಿಪಿಯಲ್ಲಿ ಸಾಮಾನ್ಯವಾಗಿ ಒಂದೊಂದು ಅಕ್ಷರವೂ ಉಚ್ಚಾರದ ಜೊತೆಗೆ ಅರ್ಥವನ್ನೂ ಹೊತ್ತಿರುತ್ತದೆ, ಹಾಗಾಗಿ ಕೆಲವರು ಇಂಗ್ಲಿಷ್ ಪದವನ್ನೂ ಇಡಿಯಾಗಿ ಬಾಯಿಪಾಠ ಮಾಡಿರುತ್ತಾರೆ. ಇದನ್ನು ಪತ್ತೆ ಮಾಡಲು ‘ಬ್ಲಿಮ್’ ಥರದ, ಅರ್ಥವೇ ಇಲ್ಲದ ಪದ ಕೊಟ್ಟು ಓದಿಸುತ್ತಾರೆ. ನೆನಪು ಅಲ್ಲಿ ಕೈಕೊಡುತ್ತದೆ, ಅಕ್ಷರ ಕೂಡಿಸಿಯೇ ಓದಬೇಕು.

ಗಟ್ಟಿಯಾಗಿ, ತಡವರಿಸದೆ ಓದಿದರೂ ಸಾಲದು. ವಾಕ್ಯ ಅರ್ಥವಾಯಿತಾ ಅಂತ ಬೇರೆಯಾಗಿ ಕೇಳಬೇಕು. ನಾವು ‘ನಿನ್ನೆ ಬಂದ ಹುಡುಗ’ ಅನ್ನುತ್ತೇವೆ, ಚೀನೀಯಲ್ಲೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಹುಡುಗ ಮೊದಲು, ‘ನಿನ್ನೆ ಬಂದ’ ಆಮೇಲೆ. ಇಂಥ ಉದ್ದ ವಾಕ್ಯಗಳಲ್ಲಿ ಪದ ಎಲ್ಲ ಗೊತ್ತಿದ್ದರೂ ಯಾರು ಏನು ಮಾಡಿದರು ಅನ್ನೋದು ತಪ್ಪಿಹೋಗಬಹುದು, ಈ ತೊಡಕು ನಮ್ಮ ಮಕ್ಕಳಿಗೂ ಇದೆ ಅಲ್ವಾ?

ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವೊಕಾವೊದಲ್ಲಿ ಇಂಗ್ಲಿಷಿಗೆ ಸಾಮಾನ್ಯವಾಗಿ 750ಕ್ಕೆ 150 ಅಂಕ. ಅವರ ಇಂಗ್ಲಿಷ್ ಬಗ್ಗೆ ಮಾತಾಡುವುದಾದರೆ ಅಂಥ ಪರೀಕ್ಷೆ ನೋಡಬೇಕು, ಪಿಸಾ ಪಟ್ಟಿಯನ್ನಲ್ಲ.