ನಚಿಕೇತನಿಗೂ ಒಂದು ಇನಿಷಿಯಲ್ ಇರಲಿ

ಮುಳಬಾಗಿಲು ಕಡೆಯ ನಮ್ಮ ಬಂಧುಗಳಲ್ಲಿ ಯಾರಿಗಾದರೂ ಗಂಡುಮಗು ಹುಟ್ಟಿದರೆ ಪುಣೆಯಲ್ಲಿರುವ ನನಗೆ ಎರಡು ಬಾರಿ ಫೋನ್ ಬರುತ್ತದೆ. ಮೊದಲನೆಯದು ಸುದ್ದಿ ಹೇಳುವುದಕ್ಕೆ, ಎರಡನೆಯದು ವಿಚಾರಣೆಗೆ. ‘ಈ ಹೆಸರು ನಿಮ್ಮ ಕಡೆ ಯಾರಿಗಾದರೂ ಇದೆಯೇ?’ ಇದೆ ಎಂದೆನೋ, ಆ ಹೆಸರಿನ ಕಥೆ ಮುಗಿಯಿತು. ಈಚೆಗೆ ಅಕ್ಕನ ಮಗಳು ಕೇಳಿದ ಹೆಸರು ನಚಿಕೇತ. ‘ಇದೆಯಮ್ಮ, ನಮ್ಮ ಕಟ್ಟಡದಲ್ಲೇ ಒಬ್ಬರಿದ್ದಾರೆ, ಕಚೇರಿಯಲ್ಲಿ ತಲೆ ನರೆತ ಇನ್ನೊಬ್ಬರು’ ಎಂದೆ. ‘ಹಾಗಾದರೆ ಬೇರೆ ನೋಡುತ್ತೇವೆ ಮಾವ’ ಎಂದಳು. ಅವಳ ದನಿಯಲ್ಲಿದ್ದ ನಿರಾಸೆ ನನಗೆ ಅರ್ಥವಾಯಿತು, ಕಾರಣ ಮಾತ್ರ ಒಪ್ಪಿಗೆಯಾಗಲಿಲ್ಲ.

ಪುಣೆಯ ಮಧ್ಯಮವರ್ಗದ ಮನೆಗಳು ಸಂಸ್ಕೃತದ ಹೆಸರುಗಳನ್ನು ಹೆಕ್ಕಿಕೊಂಡು ಬಳಸುವುದು ಇಂದು ನಿನ್ನೆಯ ರೂಢಿಯಲ್ಲ. ಮಕರಂದ, ಸಲಿಲ, ಚಿನ್ಮಯ, ಮಿಲಿಂದ, ನಚಿಕೇತ: ನಮ್ಮ ಕಡೆ ಕಿವಿ ನಿಮಿರಿಸುವಂಥ ಈ ಹೆಸರುಗಳು ಇಲ್ಲಿ ಐವತ್ತು ದಾಟಿದ ಬ್ಯಾಂಕ್ ನೌಕರರಿಗೂ ಔಷಧದಂಗಡಿಯ ಮಾಲೀಕರಿಗೂ ಇವೆ. ಮಿಲಿಂದದ ದಾರಿಯಂತೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅದು ದುಂಬಿ. ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನನಿಗೆ ಪ್ರಶ್ನೆ ಹಾಕಿದ ಗ್ರೀಕ್ ದೊರೆ ಮಿನಾಂಡರನ ಹೆಸರು. ಡಾ. ಅಂಬೇಡ್ಕರ್ ಅವರು ಕಟ್ಟಿದ ಶಿಕ್ಷಣ ಸಂಸ್ಥೆಯ ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರ) ಕಾಲೇಜಿಗೆ ಇದೇ ಹೆಸರು ಇದೆ. ಹೀಗಾಗಿ ದುಂಬಿಯನ್ನು ನೆನೆದು ಹೆಸರಿಟ್ಟ ಮನೆಯೂ ಬುದ್ಧನನ್ನು ನೆನೆದು ಇಟ್ಟ ಮನೆಯೂ ಒಂದೇ ಬೀದಿಯಲ್ಲಿ ಸಿಗುತ್ತವೆ.

ಇಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಬಾರಸೆ ಎನ್ನುತ್ತಾರೆ, ಹನ್ನೆರಡನೆಯ ದಿನದ್ದು. ಹೆಂಗಸರು ‘ಗೋವಿಂದನನ್ನು ತೆಗೆದುಕೊಳ್ಳಿ, ಗೋಪಾಲನನ್ನು ತೆಗೆದುಕೊಳ್ಳಿ’ ಎನ್ನುತ್ತ ಮಗುವನ್ನು ತೊಟ್ಟಿಲ ಮೇಲಿಂದ ಕೆಳಗಿಂದ ಕೈ ಬದಲಾಯಿಸುತ್ತಾರೆ. ತಂದೆಯ ತಂಗಿಯೋ ಅಕ್ಕನೋ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ, ಸುತ್ತಲಿನವರು ಅವಳ ಬೆನ್ನಿಗೆ ಗುದ್ದುತ್ತಾರೆ. ಸೋದರತ್ತೆಗೆ ಹೀಗೆ ಗುದ್ದು, ಸೋದರಮಾವನಿಗೆ ಹೆಚ್ಚು ಕೆಲಸವಿಲ್ಲ. ನಮ್ಮಲ್ಲಾದರೆ ಮಗುವಿನ ಕಿವಿ ಚುಚ್ಚಿಸುವುದಕ್ಕೆ ಸೋದರಮಾವನ ತೊಡೆಯೇ ಬೇಕು. ಈ ಸಲುಗೆಯಿಂದಲೇ ನಾನೂ ಹೆಸರಿನ ವಿಚಾರದಲ್ಲಿ ಬಾಯಿ ಹಾಕುತ್ತಿರುವುದು.

ಬಾರಸೆಯಲ್ಲಿ ನಾನು ಒಮ್ಮೆಯೂ ಕೇಳದ ಪ್ರಶ್ನೆಯೆಂದರೆ ‘ಈ ಹೆಸರು ಬೇರೆಯವರಿಗೆ ಇದೆಯೇ’ ಎಂಬುದು. ಏಕೆ ಕೇಳಬೇಕು? ಮಗನ ಹೆಸರು, ಅಪ್ಪನ ಹೆಸರು, ಕೊನೆಗೆ ಆಡನಾವ, ಅಂದರೆ ಮನೆತನದ ಹೆಸರು. ಒಂದು ತರಗತಿಯಲ್ಲಿ ಮೂವರು ನಚಿಕೇತರಿದ್ದರೆ ಮೇಷ್ಟರು ಆಡನಾವ ಹಿಡಿದು ಕೂಗುತ್ತಾರೆ, ಕೆಲಸ ಮುಗಿಯಿತು. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರೂ ಬರಬೇಕೆಂದು ಮಹಾರಾಷ್ಟ್ರ ಸರ್ಕಾರ ನಿಯಮ ಮಾಡಿದೆ: ಮಗು, ತಾಯಿ, ತಂದೆ, ಮನೆತನ. ಇಷ್ಟು ಉದ್ದದ ಬಾಲವಿದ್ದಾಗ ಮೊದಲ ಹೆಸರು ಹಗುರಾಗಿ ಓಡಾಡಬಹುದು. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವ ಹೊಣೆ ಅದರ ಮೇಲಿಲ್ಲ.

ನಮ್ಮ ಕೋಲಾರದ ಕಡೆ ಆ ಹೊಣೆಯನ್ನು ಹೊತ್ತಿದ್ದು ಹೆಸರಿನ ಮುಂದಿನ ಎರಡು ಅಕ್ಷರ. ಒಂದು ಊರು, ಒಂದು ಅಪ್ಪ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುಂಚಿನ ಹಳೆಯ ಕೋಲಾರವನ್ನೇ ನೋಡಿ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಮುಂದಿನ ‘ಎಂ’ ಮುದ್ದೇನಹಳ್ಳಿಯದಲ್ಲ, ಹಿರಿಯರು ಬಿಟ್ಟುಬಂದ ಆಂಧ್ರದ ಮೋಕ್ಷಗುಂಡಂ ಊರಿನದು. 1887ರಲ್ಲಿ ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರ ಮುಂದೆ ದೇವನಹಳ್ಳಿ ಮತ್ತು ತಂದೆ ವೆಂಕಟರಮಣಯ್ಯ ಸೇರಿ ‘ಡಿ.ವಿ.’ ಆಯಿತು. ಮಾಲೂರು ತಾಲ್ಲೂಕಿನ ವೆಂಕಟೇಶ ಅಯ್ಯಂಗಾರರನ್ನಂತೂ ಕನ್ನಡನಾಡೆಲ್ಲ ಊರಿನ ಹೆಸರಿನಿಂದಲೇ ಮಾಸ್ತಿ ಎಂದಿತು. ಗುಂಡಪ್ಪ, ವೆಂಕಟೇಶ: ಇವಕ್ಕಿಂತ ಸಾಮಾನ್ಯ ಹೆಸರುಗಳನ್ನು ನಮ್ಮ ಸೀಮೆಯಲ್ಲಿ ಹುಡುಕುವುದು ಕಷ್ಟ. ಆದರೂ ಡಿವಿಜಿ ಎಂದರೆ ಒಬ್ಬರೇ. ಅದೇ ಡಿವಿಜಿ 1943ರಲ್ಲಿ ಕಗ್ಗವನ್ನು ಹೊರತಂದಾಗ ಅದನ್ನು ಹೇಳುವವನಿಗೆ ಇಟ್ಟ ಹೆಸರು ತಿಮ್ಮ, ಅದೂ ಮಂಕುತಿಮ್ಮ. ಸಂಸ್ಕೃತದ ಹೆಸರುಗಳು ಅವರಿಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ತಿರುಪತಿ ಹತ್ತಿರವಾದ್ದರಿಂದ ನಮ್ಮಲ್ಲಿ ವೆಂಕಟ ಸೇರಿದ ಹೆಸರುಗಳಿಗೆ ಲೆಕ್ಕವಿಲ್ಲ. ಮುನೇಶ್ವರನ ದಯೆಯಿಂದ ಮುನಿಯಪ್ಪ, ಮುನಿರಾಜು, ಮುನಿವೆಂಕಟಪ್ಪ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ; ಹೆಸರು ಮಾತ್ರ ಎರಡಕ್ಕೂ ಹೊಂದುತ್ತದೆ. ನಾನು ಓದಿದ ಶಾಲೆಯ ಹಾಜರಿ ಪುಸ್ತಕದಲ್ಲಿ ಮುನಿರಾಜುಗಳು ಸಾಲಾಗಿ ಇದ್ದರು. ಗೊಂದಲವಾಗಲಿಲ್ಲ, ಏಕೆಂದರೆ ಒಬ್ಬ ಕೆ.ವಿ., ಮತ್ತೊಬ್ಬ ಎನ್.ಸಿ. ಅಷ್ಟು ಸಾಲದಿದ್ದರೆ ಅಡ್ಡಹೆಸರು ಕಟ್ಟಲು ಹುಡುಗರಿದ್ದೇ ಇದ್ದರು, ಅವನ್ನು ಇಲ್ಲಿ ಬರೆಯುವಂತಿಲ್ಲ.

ನಮ್ಮ ಈ ಎರಡು ಅಕ್ಷರ ಹೊರನಾಡಿನಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ, ನಿಜ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಅರ್ಜಿಯ ಕೊನೆಯ ಚೌಕ ಖಾಲಿ ಬಿಡುವಂತಿರಲಿಲ್ಲವಾಗಿ ಅಪ್ಪನ ಹೆಸರನ್ನು ತುಂಬಿದೆ. ಅಂದಿನಿಂದ ಆ ಕಚೇರಿಯವರಿಗೆ ನಾನು ವೆಂಕಟರಮಣಪ್ಪ. ಪುಣೆಯನ್ನು ಕಣ್ಣಿನಿಂದಲೂ ನೋಡದ ಅಪ್ಪನನ್ನು ಇಲ್ಲಿನ ಗುಮಾಸ್ತರು ‘ವೆಂಕಟರಮಣಪ್ಪ ಸಾಹೇಬ್’ ಎಂದು ಕೂಗಿದಾಗ ತಿದ್ದಬೇಕೆಂದು ನನಗೆ ಅನಿಸಿಯೇ ಇಲ್ಲ. ನಮ್ಮದೇ ರಾಜ್ಯದ ಧಾರವಾಡ, ಬೆಳಗಾವಿಯವರಿಗೆ ಈ ತೊಡಕಿಲ್ಲ. ಅಂಗಡಿ, ಹಿರೇಮಠ, ಮೆಣಸಿನಕಾಯಿ ಎಂದು ಬರೆದು ನಗುತ್ತ ಮುಂದೆ ಹೋಗುತ್ತಾರೆ.

ಆಡನಾವಕ್ಕೆ ಇನ್ನೊಂದು ಮುಖವೂ ಇದೆ. ಪುಣೆಯಲ್ಲಿ ಅದನ್ನು ಕೇಳುವುದೆಂದರೆ ಬಹಳ ಸಲ ಜಾತಿ ಕೇಳಿದಂತೆಯೇ. ಮನೆ ಬಾಡಿಗೆಗೆ ಹುಡುಕುವಾಗ ಇದು ತಿಳಿಯುತ್ತದೆ. ಗೌಡ, ರೆಡ್ಡಿ, ಶೆಟ್ಟಿ ಎಂಬ ಬಾಲಗಳು ನಮ್ಮಲ್ಲೂ ಇವೆ. ಆದರೆ ಎರಡು ಅಕ್ಷರದ ಹಿಂದೆ ನಿಂತ ಒಬ್ಬ ಮಂಜುನಾಥ ಬಾಗಿಲಲ್ಲೇ ಅಷ್ಟೆಲ್ಲ ಹೇಳಬೇಕಾಗಿಲ್ಲ.

ಈಗ ಊರಿನಲ್ಲಿ ಆಗುತ್ತಿರುವುದೇನೆಂದರೆ, ಮಕ್ಕಳ ಹೆಸರಿನ ಮುಂದಿನ ಊರು ಮೊದಲು ಹೋಯಿತು, ಅಪ್ಪನ ಅಕ್ಷರ ಹಿಂದಕ್ಕೆ ಸರಿದು ಬಾಲವಾಯಿತು, ಕೆಲವರಲ್ಲಿ ಅದೂ ಇಲ್ಲ. ಆಡನಾವವಂತೂ ಮೊದಲೇ ಇರಲಿಲ್ಲ. ಹೀಗೆ ಎರಡೂ ಕಡೆ ಬರಿದಾದ ಮೇಲೆ ಮಗನನ್ನು ಬೇರೆಯವರಿಂದ ಬೇರೆ ಮಾಡಲು ಉಳಿದದ್ದು ಹೆಸರೊಂದೇ. ಅದು ಅಪರೂಪವಾಗಿರಲೇಬೇಕಾಯಿತು. ಶ್ರೀನಿವಾಸಪುರದಲ್ಲಿ ಮಾವಿನ ತೋಟ ಮಾಡುವವರೂ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರುವವರೂ ಮೊಬೈಲಿನಲ್ಲಿ ಒಂದೇ ಪಟ್ಟಿ ತೆರೆಯುತ್ತಾರೆ. ವಿಹಾನ್, ವಿವಾನ್, ಕಿಯಾನ್, ರೇಯಾಂಶ್. ಯಾರಿಗೂ ಸಿಗದ ದಾರಿ ಹುಡುಕಿ ಹೊರಟವರೆಲ್ಲ ಒಂದೇ ಜಾತ್ರೆಯಲ್ಲಿ ಎದುರುಬದುರಾದ ಹಾಗೆ. ಇವುಗಳಲ್ಲಿ ಕೆಲವಕ್ಕೆ ಪಟ್ಟಿಯಲ್ಲಿ ಕೊಟ್ಟ ಸಂಸ್ಕೃತದ ಅರ್ಥ ಸಂಸ್ಕೃತ ಬಲ್ಲವರಿಗೆ ಹೊಸ ಸುದ್ದಿ.

ನಚಿಕೇತ ಆ ಗುಂಪಿನದಲ್ಲ. ಅದಕ್ಕೇ ಅಕ್ಕನ ಮಗಳು ಅದನ್ನು ಬಿಟ್ಟುಬಿಡುವಳೆಂದು ಕೇಳಿ ನನಗೆ ಕಸಿವಿಸಿಯಾದದ್ದು. ಪಟ್ಟಿಗಳಲ್ಲಿ ಅದರ ಮುಂದೆ ‘ಬೆಂಕಿ’ ಎಂದು ಬರೆದಿರುತ್ತದೆ. ಕಠೋಪನಿಷತ್ತಿನಲ್ಲಿ ಇರುವುದು ತಿರುಗುಮುರುಗು: ಅಪ್ಪನ ಕೋಪದ ಮಾತಿಗೆ ಯಮನ ಮನೆಗೆ ಹೋದ ಹುಡುಗ ನಚಿಕೇತನಿಗೆ ಯಮ ಅಗ್ನಿವಿದ್ಯೆ ಕಲಿಸುತ್ತಾನೆ, ಹುಡುಗ ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಾನೆ, ಮೆಚ್ಚಿದ ಯಮ ‘ಈ ಅಗ್ನಿ ನಿನ್ನ ಹೆಸರಿನಿಂದಲೇ ಕರೆಯಲ್ಪಡಲಿ’ ಎನ್ನುತ್ತಾನೆ. ಬೆಂಕಿಯಿಂದ ಹುಡುಗನಿಗೆ ಹೆಸರು ಬಂದದ್ದಲ್ಲ, ಹುಡುಗನಿಂದ ಬೆಂಕಿಗೆ ಬಂದದ್ದು. ಹೆಸರನ್ನು ‘ಅರಿಯದವನು’ ಎಂದು ಬಿಡಿಸುವವರೂ ಇದ್ದಾರೆ. ಕೇಳುತ್ತ ಹೋಗುವ ಹುಡುಗನಿಗೆ ಅದು ಒಪ್ಪುತ್ತದೆ.

ಮನೆಯಲ್ಲಿ ವಿರೋಧ ಬಂದದ್ದು ಬೇರೆ ಕಡೆಯಿಂದ. ಮಗುವಿನ ಮುತ್ತಜ್ಜಿ, ಅಂದರೆ ನನ್ನ ಅಮ್ಮ, ಕಥೆ ಕೇಳಿದವಳೇ ‘ಯಮನ ಮನೆಗೆ ಹೋದವನ ಹೆಸರನ್ನು ತೊಟ್ಟಿಲಲ್ಲಿ ಕೂಗುತ್ತಾರೆಯೇ’ ಎಂದಳು. ತಳ್ಳಿಹಾಕುವ ಮಾತಲ್ಲ ಅದು. ಆದರೆ ಅಮ್ಮನ ಕಾಲದಲ್ಲೇ, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ತಿಪ್ಪ, ಗುಂಡ, ಕಲ್ಲ ಎಂದು ಹೆಸರಿಡುತ್ತಿದ್ದರು. ತಿಪ್ಪೆಯ ಮೇಲೆ ಹೊರಳಿಸಿ ತಂದ ಮಗು ಯಮನಿಗೆ ಬೇಡವಾಗಲಿ ಎಂಬ ಉಪಾಯ. ತಿಪ್ಪಯ್ಯನೂ ನಚಿಕೇತನೂ ನನ್ನ ಪ್ರಕಾರ ಒಂದೇ ಕುಲದವರು, ಇಬ್ಬರೂ ಯಮನ ಕೈಗೆ ಸಿಗದೆ ಬದುಕಿದವರು. ತಿಪ್ಪಯ್ಯ ಕಣ್ಣು ತಪ್ಪಿಸಿಕೊಂಡ, ನಚಿಕೇತ ಬಾಗಿಲಿಗೇ ಹೋಗಿ ಮೂರು ರಾತ್ರಿ ಊಟವಿಲ್ಲದೆ ಕುಳಿತು, ಮನೆಯ ಯಜಮಾನನಿಂದಲೇ ಕ್ಷಮೆ ಕೇಳಿಸಿಕೊಂಡ. ಮಹಾಭಾರತದ ಅನುಶಾಸನ ಪರ್ವದಲ್ಲೂ ಅವನು ಅಪ್ಪನ ಕೋಪದ ಮಾತಿಗೆ ಸತ್ತುಬಿದ್ದು ಮತ್ತೆ ಎದ್ದು ಬರುತ್ತಾನೆ. ಆನೆ, ಕುದುರೆ, ಚಿನ್ನ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ರಥವೇರಿದ ಅಪ್ಸರೆಯರು, ಏನು ಕೊಟ್ಟರೂ ‘ನಿನ್ನ ರಥ, ನಿನ್ನ ಹಾಡು ಕುಣಿತ ನಿನಗೇ ಇರಲಿ’ ಎಂದವನು. ಅದಕ್ಕೂ ಮೊದಲು, ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ಅಪ್ಪನನ್ನು ಎಲ್ಲರೆದುರು ಪ್ರಶ್ನಿಸಿದವನು. ಇಂಥ ಮಗ ಬೇಕೇ ಎಂದು ತಂದೆ ತಾಯಿ ಯೋಚಿಸಲಿ. ಹೆಸರು ಇನ್ನೊಬ್ಬರಿಗಿದೆಯೇ ಎಂದು ಯೋಚಿಸುವುದಕ್ಕಿಂತ ಅದು ಮೇಲು.

ಇದನ್ನೆಲ್ಲ ಫೋನಿನಲ್ಲಿ ಹೇಳಿ ಒಂದು ಬೇಡಿಕೆಯನ್ನೂ ಸೇರಿಸಿದೆ. ನಚಿಕೇತ ಯಮನಲ್ಲಿ ಕೇಳಿದ ಮೊದಲ ವರ ಬ್ರಹ್ಮಜ್ಞಾನವಲ್ಲ: ‘ಅಪ್ಪನ ಕೋಪ ಇಳಿಯಲಿ, ಹಿಂದಿರುಗಿದ ನನ್ನನ್ನು ಗುರುತಿಸಿ ಮಾತನಾಡಿಸಲಿ’ ಎಂಬುದು. ಅಂಥವನ ಹೆಸರಿನಿಂದ ಅಪ್ಪನ ಅಕ್ಷರವನ್ನು ಕಿತ್ತುಹಾಕುವುದು ಚೆನ್ನಾಗಿರುವುದಿಲ್ಲ. ಊರಿನದೊಂದು, ಅಪ್ಪನದೊಂದು ಮುಂದೆ ಇರಲಿ. ಆಮೇಲೆ ಪುಣೆಯಲ್ಲಿ ನೂರು ನಚಿಕೇತರಿದ್ದರೂ ಇವನು ಇವನೇ.

‘ಇಂಗ್ಲಿಷಿನಲ್ಲಿ ಕೊನೆಗೆ ಹೆಚ್ ಹಾಕಬೇಕೇ ಮಾವ?’ ಎಂದು ಅವಳು ಕೇಳಿದ್ದರಿಂದ ಬಾಗಿಲು ಇನ್ನೂ ತೆರೆದಿದೆ ಎಂದುಕೊಂಡಿದ್ದೇನೆ. ಹಾಕಿದರೆ ಇಲ್ಲಿನವರು ನಚಿಕೇಥ್ ಎಂದು ಓದುತ್ತಾರೆ, ಹಾಕದಿದ್ದರೆ ಬೆಂಗಳೂರಿನ ಶಾಲೆಯಲ್ಲಿ ನಚಿಕೇಟ್ ಎನ್ನುತ್ತಾರೆ. ಕೊನೆಗೊಂದು ‘ಎ’ ಬರೆದು ಪೂರ್ತಿ ನಚಿಕೇತ ಎನ್ನಿಸಿಕೊಳ್ಳಲಿ ಎಂದೆ. ಅದು ಹುಡುಗಿಯ ಹೆಸರಿನಂತೆ ಕಾಣುತ್ತದೆಂದು ಅಳಿಯನ ತಕರಾರು. ಜನನ ನೋಂದಣಿ ಹೆಸರಿಲ್ಲದೆಯೇ ಆಗಿದೆ. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆಯೂ ಹದಿನೈದು ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಅಷ್ಟರಲ್ಲಿ ಅಳಿಯನನ್ನು ಒಪ್ಪಿಸಬೇಕು. ಸದ್ಯಕ್ಕೆ ಮನೆಯಲ್ಲಿ ಎಲ್ಲರೂ ಮಗುವನ್ನು ಗುಂಡ ಎನ್ನುತ್ತಿದ್ದಾರೆ.