ಸಭೆಯ ನವೀಕರಣಕ್ಕೊಂದು ಸಭೆ

ಗ್ರೀಕಿನ ‘ಎಕ್ಲೇಸಿಯ’ಕ್ಕೆ ಕನ್ನಡ ಬೈಬಲಿನವರು ‘ಸಭೆ’ ಎಂಬ ಪದ ಆರಿಸಿ ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ದೇವರು ಕರೆದ ಜನರ ಬಳಗವೇ ಸಭೆ ಎಂದು ಅವರ ಲೆಕ್ಕ. ಕಲಬುರಗಿಯ ನಮ್ಮ ಓಣಿಯಲ್ಲಿ ಮಾತ್ರ ಸಭೆ ಎಂದರೆ ಚಾ, ಸುಸಲಾ, ಮಿರ್ಚಿ ಮತ್ತು ಹಾಜರಿ ಪುಸ್ತಕ. ಹೀಗಾಗಿ ಸಭೆಯನ್ನು ನವೀಕರಿಸಬೇಕೆಂಬ ಮಾತು ಬಂದ ಕೂಡಲೇ ನಾವು ಸಭೆ ಕರೆದೆವು. ಹೋದ ಈಸ್ಟರಿನಿಂದ ಹನ್ನೆರಡು ಆಗಿವೆ.

ನವೀಕರಣ ಎಂದರೇನು ಎಂಬ ತೊಡಕಿನ ಪ್ರಶ್ನೆ ಮೊದಲ ಸಭೆಯಲ್ಲೇ ಬಗೆಹರಿಯಿತು. ಪಾಸ್ಟರ್ ಸಾಹೇಬರು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೂರನೆಯ ಅಧ್ಯಾಯ ತೆಗೆದು, ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ಲವೊದಿಕೀಯ ಸಭೆಗೆ ಬಂದ ಪತ್ರ ಓದುತ್ತಿದ್ದರು. ಹದಿನಾರನೆಯ ವಚನಕ್ಕೆ ಖಜಾಂಚಿ ಕಾಕಾ ಎದ್ದು ನಿಂತರು. “ಅದೇ ನಾ ಹೇಳೋದು ಸಾಹೇಬ್ರೆ. ಒಳಗ ಭಾಳ ಶಕೆ ಅದ. ಎ.ಸಿ. ಹಾಕಸ್ರಿ.” ಸರ್ವಾನುಮತ. ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ ಎಂದು ಯೇಸು ಹೇಳುವ ಇಪ್ಪತ್ತನೆಯ ವಚನದ ತನಕ ಯಾರೂ ಹೋಗಲಿಲ್ಲ.

ಆ ಶಕೆಗೂ ಒಂದು ಚರಿತ್ರೆ ಉಂಟು. ಮೊದಲು ನೆಲಕ್ಕೆ ಶಹಾಬಾದಿ ಪರ್ಸಿ ಇತ್ತು. ಮೇ ತಿಂಗಳಲ್ಲೂ ಮೊಣಕಾಲೂರಿದರೆ ತಂಪು. ಹಿಂದಿನ ನವೀಕರಣದಲ್ಲಿ ಅದನ್ನು ಕಿತ್ತು, ಮುಖ ಕಾಣುವಂಥ ಟೈಲ್ಸ್ ಹಾಕಿಸಿದೆವು. ಕಿತ್ತವುಗಳಲ್ಲಿ ಮುಂದಿನ ಸಾಲಿನ ನಾಲ್ಕಾರು ಕಲ್ಲು ಸವೆದು ತಗ್ಗು ಬಿದ್ದಿದ್ದವು. ಮುದುಕಿಯರ ಮೊಣಕಾಲು ಸವೆಸಿದ್ದು. ಗುತ್ತಿಗೆದಾರ ಅವನ್ನು ‘ಡ್ಯಾಮೇಜ್’ ಎಂದು ಅರ್ಧ ರೇಟಿಗೆ ಹಿಡಿದ. ಈಗ ಟೈಲ್ಸ್ ಮೇಲೆ ಮೊಣಕಾಲೂರಿದವರು ‘ಆಮೆನ್’ ಹೇಳುವಷ್ಟರಲ್ಲಿ ಒಂದು ಗೇಣು ಮುಂದೆ ಜಾರಿರುತ್ತಾರೆ. ವಾರ್ಷಿಕ ವರದಿಯಲ್ಲಿ ಇದನ್ನು ಆತ್ಮಿಕ ಪ್ರಗತಿ ಎಂದು ಬರೆದಿದೆ.

ಎ.ಸಿ. ಹಾಕಬೇಕಾದರೆ ಕಿಟಕಿ ಮುಚ್ಚಬೇಕು. ಕಥೋಲಿಕರ ಇಪ್ಪತ್ತಮೂರನೆಯ ಜಾನ್ ಪೋಪ್ ಕಿಟಕಿ ತೆರೆಯಿರಿ, ಗಾಳಿ ಬರಲಿ ಎಂದರಂತೆ. ಅವರು ಕರೆದ ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರ ತನಕ ನಡೆಯಿತು. ಅದೂ ಸಭೆಯೇ, ಆದರೆ ಅದು ಮುಗಿಯುವಷ್ಟರಲ್ಲಿ ಲ್ಯಾಟಿನ್ ಸರಿದು ಜನರ ಮಾತಿನಲ್ಲಿ ಪೂಜೆಗೆ ದಾರಿಯಾಗಿತ್ತು. ನಮ್ಮ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರದು ಇನ್ನೂ ಅಗ್ಗದ ಬಾಬತ್ತು. 1738ರ ಮೇ 24ರ ರಾತ್ರಿ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಯಾರೋ ಚರ್ಚಿನ ಸುಧಾರಕ ಮಾರ್ಟಿನ್ ಲೂಥರನ ಬರಹ ಓದುತ್ತಿದ್ದಾಗ ಎದೆ ವಿಚಿತ್ರವಾಗಿ ಬೆಚ್ಚಗಾಯಿತೆಂದು ಬರೆದುಕೊಂಡಿದ್ದಾರೆ. 1742ರಲ್ಲಿ ಹುಟ್ಟೂರಿನ ಚರ್ಚಿನಲ್ಲಿ ಬೋಧಿಸಲು ಬಿಡದಿದ್ದಾಗ, ಹೊರಗೆ ಅಪ್ಪನ ಗೋರಿಯ ಮೇಲೆ ನಿಂತು ಬೋಧಿಸಿದರು. ಎಸ್ಟಿಮೇಟಿಲ್ಲ, ಕೊಟೇಶನಿಲ್ಲ.

“ಎ.ಸಿ. ಹಾಕಿದ ಮ್ಯಾಲ ಎದಿ ಬೆಚ್ಚಗಾದ್ರ ಏನ್ ಮಾಡೋದ್ರಿ?” ಎಂದು ನಾನು ಕೇಳಿದೆ.

“ನಿಮಗ ಬಿ.ಪಿ. ಅದ ಏನ್ರಿ?” ಎಂದರು ಕಾರ್ಯದರ್ಶಿ.

ಆರನೆಯ ಸಭೆಯಲ್ಲಿ ಸಾಗವಾನಿ ಬಾಗಿಲು ಮಂಜೂರಾಯಿತು. ಜತೆಗೊಂದು ಫಲಕ: ‘ಪಾಲಿಶ್ ಆಗಿದೆ, ಮೊಳೆ ಹೊಡೆಯಬಾರದು, ಕಾಗದ ಅಂಟಿಸಬಾರದು.’ 1517ರಲ್ಲಿ ತೊಂಬತ್ತೈದು ವಾದಗಳನ್ನು ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನೆಂದು ಜನ ಹೇಳುವ ಲೂಥರ್ ಈಗ ನಮ್ಮೂರಿಗೆ ಬಂದರೂ ವಾಟ್ಸಾಪ್ ಗ್ರೂಪಿಗೇ ಹಾಕಬೇಕು. ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು.

ಎಂಟನೆಯ ಸಭೆಯಲ್ಲಿ ಯೂತ್ ಗುಂಪಿನ ಹುಡುಗಿಯೊಬ್ಬಳು, ನವೀಕರಣದ ಪಟ್ಟಿಯಲ್ಲಿ ಜಾತಿಯ ಮಾತು ಯಾಕಿಲ್ಲ ಎಂದು ಕೇಳಿಬಿಟ್ಟಳು. ಸಭೆಯಲ್ಲಿ ಜಾತಿಯೇ ಇಲ್ಲವಲ್ಲ ಎಂದು ಹಿರಿಯರು ನಕ್ಕರು. ಸರ್ಕಾರವೂ ಹಾಗೇ ನಂಬಿದೆ. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿಗಳ ಪಟ್ಟಿಗೆ ಹಿಂದೂಗಳ ಜತೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇನ್ನೂ ಹೊರಗೇ. ಜಾತಿ ದೀಕ್ಷಾಸ್ನಾನದ ನೀರಿನಲ್ಲಿ ಕರಗುತ್ತದೆ ಎಂದು ದೆಹಲಿಯ ತೀರ್ಮಾನ. ಸಂಬಂಧ ನೋಡುವಾಗ ಅದೇ ನೀರಿನಿಂದ ಮತ್ತೆ ತೇಲುತ್ತದೆ ಎಂಬುದು ಓಣಿಯ ಅನುಭವ. ಹುಡುಗಿಯ ಪ್ರಶ್ನೆಯನ್ನು ‘ಇತರೆ ವಿಷಯಗಳು’ ಅಡಿ ದಾಖಲಿಸಿ, ಮಿರ್ಚಿ ಹಂಚಲಾಯಿತು.

ಆಮೇಲಿನ ಸಭೆಗಳನ್ನೆಲ್ಲ ಉದ್ಘಾಟನೆಯ ಕಲ್ಲು ನುಂಗಿತು. ಕರಿ ಗ್ರಾನೈಟು, ಆರಡಿ ಎತ್ತರ. ಮೇಲೆ ಬಿಷಪ್ ಸಾಹೇಬರು, ಕೆಳಗೆ ಶಾಸಕರೋ ಕಾರ್ಪೊರೇಟರೋ ಎಂಬ ಜಗಳ. ನಂತರ ದಾನಿಗಳು, ರೂಪಾಯಿಯ ಇಳಿಕೆ ಕ್ರಮದಲ್ಲಿ. ‘ಯೇಸುವಿನ ನಾಮದಲ್ಲಿ’ ಎಂಬ ಸಾಲಿಗೆ ಜಾಗ ಸಾಲದೆ ಅಕ್ಷರ ಸಣ್ಣದು ಮಾಡಲು ಒಪ್ಪಿದೆವು. ಸ್ಥಾವರ–ಜಂಗಮದ ಮಾತು ಹುಟ್ಟಿದ ಕಲ್ಯಾಣ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಆದರೆ ಅದು ಬೇರೆಯವರ ಬಾಬತ್ತು.

ನಿನ್ನೆ ಸಂಜೆ ಹನ್ನೆರಡನೆಯ ಸಭೆ. ಖಜಾಂಚಿ ಕಾಕಾ ತಮ್ಮ ಅಪ್ಪನ ಹೆಸರು ಎರಡನೆಯ ಸಾಲಿಗೆ ಬರಲೇಬೇಕೆಂದು ಮೇಜು ಗುದ್ದುತ್ತಿದ್ದರು. ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಮೆಲ್ಲಗೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

“ಯಾರ್ರಿ ಅದು? ಪಾಲಿಶ್ ಹೋಗ್ತದ, ಬಾಗಲಾ ತಟ್ಟಬ್ಯಾಡ್ರಿ!” ಕಾರ್ಯದರ್ಶಿ ಕುಳಿತಲ್ಲಿಂದಲೇ ಕೂಗಿದರು. “ಒಳಗ ಸಭೆ ನಡದದ!”